ಲಾಮಾ ಮರಿಯನ್ನು ಮುದ್ದು ಮಾಡಬೇಡಿ

ಬೇಸಿಗೆ ಮುಗಿಯುತ್ತ ಬಂತೆಂದರೆ ಅಮೆರಿಕದ ಆರೆಗನ್ ರಾಜ್ಯದ ನಮ್ಮ ಕಡೆ, ದನ ಕುರಿ ಮಾರುವವರ ಜಾಹೀರಾತುಗಳ ನಡುವೆ ಇಂಥದೊಂದು ಸಾಲು ತಪ್ಪದೆ ಇರುತ್ತದೆ: ಗಂಡು ಲಾಮಾ ಮರಿ, ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು, ಹೆದರಿಕೆಯೇ ಇಲ್ಲ, ಮಕ್ಕಳ ಜೊತೆ ಆಡುತ್ತದೆ. ಜೊತೆಗೊಂದು ಫೋಟೊ. ಉದ್ದ ರೆಪ್ಪೆಯ ದೊಡ್ಡ ಕಣ್ಣು, ಬಾಳೆಹಣ್ಣಿನಂತೆ ಬಾಗಿದ ಕಿವಿ, ಯಾರದೋ ತೊಡೆಯ ಮೇಲೆ ಇಟ್ಟ ಮೂತಿ. ನೋಡಿದವರು ಕರಗಿಹೋಗುತ್ತಾರೆ. ಬೆಲೆಯೂ ಹೆಚ್ಚಿರುವುದಿಲ್ಲ. ವಾರದೊಳಗೆ ಮರಿ ಯಾರದೋ ಹಿತ್ತಲು ಸೇರುತ್ತದೆ, ಒಂಟಿಯಾಗಿ.

ಈ ವ್ಯಾಪಾರ ನಿಲ್ಲಬೇಕು. ಹೊಸಬರಿಗೆ ಬಾಟಲಿ ಹಾಲಿನ ಒಂಟಿ ಗಂಡುಮರಿಯನ್ನು ಕೊಡಬಾರದು, ಕೊಟ್ಟರೂ ತೆಗೆದುಕೊಳ್ಳಬಾರದು. ಲಾಮಾ ಪಳಗಿಸುವುದು ಕಷ್ಟ ಎಂದು ದೂರುವವರು ಪ್ರಾಣಿಯ ಹಟವನ್ನು ದೂರುತ್ತಾರೆ. ನಾನು ಕಂಡಂತೆ ಹೆಚ್ಚಿನ ಕಷ್ಟ ಹುಟ್ಟುವುದು ನಮ್ಮ ಕೈಗಳಿಂದ. ಪ್ರೀತಿ ಬಂದ ಕೂಡಲೇ ತಲೆ ಸವರಲು, ಕತ್ತು ತಬ್ಬಲು ಮುಂದಾಗುವ ಕೈಗಳಿಂದ.

ನಾನು ಅರಸೀಕೆರೆ ಕಡೆಯವಳು. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಪೋರ್ಟ್‌ಲ್ಯಾಂಡ್ ನಗರದ ದಕ್ಷಿಣಕ್ಕೆ, ಮೊಲಾಲಾ ಎಂಬ ಸಣ್ಣ ಊರಿನ ಹೊರಗೆ ನಮ್ಮದೊಂದು ತುಂಡು ಭೂಮಿ ಇದೆ. ಅಲ್ಲಿ ಕರಿಯ, ಬೋರ, ಗೌರಿ ಎಂಬ ಮೂರು ಲಾಮಾಗಳಿವೆ. ಇದು ನನ್ನ ಕಸುಬಲ್ಲ, ಇದರಿಂದ ಆದಾಯವೂ ಇಲ್ಲ. ಕನ್ನಡದ ಪತ್ರಿಕೆಗೆ ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಹಿಲ್ಸ್‌ಬರೊ ಸುತ್ತಿನ ಚಿಪ್ ಕಂಪನಿಗಳಲ್ಲಿ ದುಡಿಯುವ ನಮ್ಮವರು ಒಬ್ಬೊಬ್ಬರಾಗಿ ಊರಾಚೆ ಜಮೀನು ಕೊಳ್ಳುತ್ತಿದ್ದಾರೆ. ಕೊಂಡವರು ಕೋಳಿ, ಮೇಕೆ ಆದ ಮೇಲೆ ಲಾಮಾ ಬಗ್ಗೆ ಕೇಳಲು ನನಗೆ ಫೋನ್ ಮಾಡುತ್ತಾರೆ. ಊರಿನಿಂದ ಸೋದರಸಂಬಂಧಿಗಳೂ ವಿಡಿಯೊ ಕಳಿಸಿ ಕೇಳುತ್ತಾರೆ. ಎಲ್ಲರಿಗೂ ಹೇಳುವುದನ್ನು ಒಂದು ಕಡೆ ಬರೆದಿಡಬೇಕೆನಿಸಿತು.

ಲಾಮಾ ಒಂಟೆಯ ಕುಲದ್ದು. ಈ ಕುಲ ಹುಟ್ಟಿದ್ದೇ ಉತ್ತರ ಅಮೆರಿಕದಲ್ಲಿ. ಹಿಮಯುಗ ಮುಗಿಯುವ ಹೊತ್ತಿಗೆ ಇಲ್ಲಿ ಅಳಿದುಹೋಗಿ, ಏಷ್ಯಾ ಆಫ್ರಿಕಾಗಳಲ್ಲಿ ಒಂಟೆಯಾಗಿಯೂ ದಕ್ಷಿಣ ಅಮೆರಿಕದಲ್ಲಿ ಗುವಾನಾಕೊ, ವಿಕುನ್ಯಾಗಳಾಗಿಯೂ ಉಳಿಯಿತು. ಆಂಡಿಸ್ ಪರ್ವತದ ಜನ ಆರೇಳು ಸಾವಿರ ವರ್ಷಗಳ ಹಿಂದೆ ಗುವಾನಾಕೊವನ್ನು ಪಳಗಿಸಿ ಲಾಮಾ ಮಾಡಿಕೊಂಡರು. ಇಂಕಾ ಸಾಮ್ರಾಜ್ಯದ ಸರಕು ಇದರ ಬೆನ್ನ ಮೇಲೆ ಬೆಟ್ಟ ಹತ್ತಿ ಇಳಿಯುತ್ತಿತ್ತು. ಬೆಳೆದ ಗಂಡು ನೂರೈವತ್ತು ಕೆಜಿಗೂ ಮೀರಿ ತೂಗುತ್ತದೆ, ತಲೆ ಎತ್ತಿ ನಿಂತರೆ ಆಳೆತ್ತರ, ಇಪ್ಪತ್ತು ವರ್ಷ ಬದುಕಬಲ್ಲದು. ಇಷ್ಟು ದೊಡ್ಡ, ಇಷ್ಟು ಕಾಲ ಬಾಳುವ ಪ್ರಾಣಿಯನ್ನು ಒಂದು ಫೋಟೊ ನೋಡಿ ಮನೆಗೆ ತರುತ್ತಾರೆ ಎನ್ನುವುದೇ ನನಗೆ ಸಂಕಟದ ಸಂಗತಿ.

ಹೊಸಬರಿಗೆ ಯಾರೂ ಹೇಳದ ಮಾತೊಂದಿದೆ. ಹಸು ಕರು ಹಾಕಿದ ಕೂಡಲೇ ನೆಕ್ಕಿ ನೆಕ್ಕಿ ಒಣಗಿಸುವುದನ್ನು ನಾವೆಲ್ಲ ನೋಡಿದ್ದೇವೆ. ಲಾಮಾ ತಾಯಿ ಮರಿಯನ್ನು ನೆಕ್ಕುವುದಿಲ್ಲ. ಅದರ ನಾಲಿಗೆ ಅಷ್ಟು ಹೊರಗೆ ಚಾಚುವುದೂ ಇಲ್ಲ. ಮೂತಿ ತಾಗಿಸಿ ಮೂಸುತ್ತದೆ, ಮೂಗಿನಲ್ಲೇ ಸಣ್ಣಗೆ ಗುನುಗುತ್ತದೆ, ಮರಿ ಏಳುವವರೆಗೆ ಪಕ್ಕದಲ್ಲಿ ನಿಂತು ಕಾಯುತ್ತದೆ. ದೊಡ್ಡವಾದ ಮೇಲೂ ಲಾಮಾಗಳು ಕುದುರೆಗಳಂತೆ ಒಂದರ ಬೆನ್ನನ್ನು ಇನ್ನೊಂದು ಕೆರೆಯುವುದಿಲ್ಲ. ಅವುಗಳ ಲೋಕದಲ್ಲಿ ಒಬ್ಬರ ಮೈ ಇನ್ನೊಬ್ಬರು ಮುಟ್ಟುವ ಸಂದರ್ಭಗಳು ಕೆಲವೇ: ಹಾಲು ಕುಡಿಯುವಾಗ, ಕೂಡುವಾಗ, ಕಾದಾಡುವಾಗ. ಉಳಿದ ಮಾತುಕತೆಯೆಲ್ಲ ಕಿವಿ, ಬಾಲ, ಕತ್ತಿನ ನಿಲುವು ಮತ್ತು ನಡುವಿನ ದೂರದಲ್ಲಿ ನಡೆಯುತ್ತದೆ. ಕಿವಿ ಹಿಂದಕ್ಕೆ ಮಡಚಿ ಮೂತಿ ಮೇಲೆತ್ತಿದರೆ 'ಸಾಕು, ಅಲ್ಲೇ ನಿಲ್ಲು' ಎಂದರ್ಥ. ಕೇಳದಿದ್ದರೆ ಉಗುಳು. ಮೊದಲು ಬರಿಯ ಗಾಳಿ, ಆಮೇಲೆ ಬಾಯಲ್ಲಿರುವ ಹುಲ್ಲು, ಕೊನೆಗೆ ಹೊಟ್ಟೆಯೊಳಗಿನ ಹಸಿರು ರಸ. ಇದೆಲ್ಲ ಬಹುಪಾಲು ಅವುಗಳ ನಡುವೆಯೇ, ಮೇವಿನ ತೊಟ್ಟಿಯ ಹತ್ತಿರ ನಡೆಯುವ ವ್ಯವಹಾರ. ನೆಟ್ಟಗೆ ಬೆಳೆದ ಲಾಮಾ ಮನುಷ್ಯರ ಮೇಲೆ ಉಗಿಯುವುದು ಅಪರೂಪ.

ಹೀಗಿರುವಾಗ ಪ್ರೀತಿಯನ್ನು ಮುಟ್ಟಿ ತೋರಿಸುವ ನಮ್ಮ ಅಭ್ಯಾಸ ಅದಕ್ಕೆ ಏನಾಗಿ ಕಾಣಬೇಕು? ಬೆಳೆದ ಲಾಮಾ ದೂರ ಸರಿದು ನಿಂತು ತನ್ನ ಉತ್ತರ ಕೊಡುತ್ತದೆ. ಬಾಟಲಿ ಹಾಲಿನ ಒಂಟಿ ಮರಿಗೆ ಸರಿದು ನಿಲ್ಲಲು ಬೇರೆ ಜಾಗವೇ ಇಲ್ಲ. ಅದು ಮನುಷ್ಯನನ್ನೇ ತನ್ನ ಜಾತಿ ಎಂದುಕೊಳ್ಳುತ್ತದೆ. ಹಿಂಡಿನಲ್ಲಿದ್ದಿದ್ದರೆ ದೊಡ್ಡ ಹೆಣ್ಣುಗಳು ಉಗಿದು, ಕತ್ತಿನಿಂದ ತಳ್ಳಿ, ನಿನ್ನ ಜಾಗ ಇದು ಎಂದು ಕಲಿಸುತ್ತಿದ್ದವು. ಇಲ್ಲಿ ಕಲಿಸುವವರಿಲ್ಲ. ಮರಿ ಎದೆಯಿಂದ ತಳ್ಳಿದರೆ ಮಕ್ಕಳು ನಗುತ್ತಾರೆ, ಮುಂಗಾಲೆತ್ತಿ ಹೆಗಲ ಮೇಲಿಟ್ಟರೆ ಫೋಟೊ ತೆಗೆಯುತ್ತಾರೆ. ಎರಡು, ಎರಡೂವರೆ ವರ್ಷಕ್ಕೆ ಅದು ಗಂಡಾಗಿ ಬಲಿಯುತ್ತದೆ. ಬಲಿತ ಗಂಡಿಗೆ ಇನ್ನೊಂದು ಗಂಡು ಎಂದರೆ ಎದುರಾಳಿ. ಅದರ ಲೆಕ್ಕದಲ್ಲಿ ಆ ಇನ್ನೊಂದು ಗಂಡು ಮನೆಯ ಯಜಮಾನ, ಅವನ ಮಗ, ಅಂಚೆಯವನು.

ಇದಕ್ಕೆ ಇಲ್ಲಿನ ಸಾಕಣೆದಾರರು 'ಬರ್ಸರ್ಕ್' ಎನ್ನುತ್ತಾರೆ. ಕಾದಾಟದಲ್ಲಿ ಗಂಡು ಲಾಮಾ ಎದೆ ಕೊಟ್ಟು ಗುದ್ದಿ ಕೆಡವುತ್ತದೆ, ಕಾಲಿಗೆ ಬಾಯಿ ಹಾಕುತ್ತದೆ, ಬಿದ್ದವನ ಮೇಲೆ ಮೈ ಹಾಕಿ ಒತ್ತುತ್ತದೆ. ಮುಂದಿನ ಹಲ್ಲುಗಳ ಹಿಂದೆ ಅದಕ್ಕೆ ಆರು ಕಾದಾಟದ ಹಲ್ಲುಗಳಿವೆ, ಚೂಪಾಗಿ ಹಿಂದಕ್ಕೆ ಬಾಗಿದವು. ಹಿಂಡಿನಲ್ಲಿ ಬೆಳೆದ ಗಂಡುಗಳ ಈ ಹಲ್ಲನ್ನೂ ಪಶುವೈದ್ಯರು ಮೊಂಡು ಮಾಡುತ್ತಾರೆ, ಒಂದನ್ನೊಂದು ಸೀಳದಿರಲಿ ಎಂದು. ಮನುಷ್ಯನನ್ನೇ ಎದುರಾಳಿ ಎಂದುಕೊಂಡ ಪ್ರಾಣಿಗೆ ಹಲ್ಲು ಮೊಂಡು ಮಾಡಿ ಪ್ರಯೋಜನವಿಲ್ಲ. ಆ ಸ್ಥಿತಿಗೆ ಬಂದ ಮೇಲೆ ಬೀಜ ತೆಗೆಸಿದರೂ ಸರಿಹೋಗುತ್ತದೆಂಬ ಭರವಸೆ ಇಲ್ಲ. ಬುದ್ಧಿ ಆಗಲೇ ಹಾಗೆ ಕೂತುಬಿಟ್ಟಿರುತ್ತದೆ.

ನಮ್ಮ ಮನೆಯಿಂದ ಸ್ವಲ್ಪ ದೂರದ ಒಂದು ಸಂಸಾರ ಇಂಥ ಮರಿಯನ್ನು ಚಳಿಗಾಲವಿಡೀ ಮನೆಯೊಳಗೇ ಇಟ್ಟು ಸಾಕಿತು. ಒಳ್ಳೆಯ ಜನ, ಪ್ರಾಣಿಗಳೆಂದರೆ ಜೀವ ಬಿಡುವವರು. ಮೂರನೆಯ ವರ್ಷ ಅದು ಗೇಟಿನ ಹತ್ತಿರ ಮನೆಯಾತನನ್ನು ಕೆಡವಿ ಮೇಲೆ ಕೂತಿತು. ಹೆಂಡತಿ ಗುದ್ದಲಿ ಹಿಡಿದು ಬಂದಿದ್ದರಿಂದ ಆತ ಉಳಿದ. ನೀವು ಇಟ್ಟುಕೊಳ್ಳುತ್ತೀರಾ ಎಂದು ನನ್ನನ್ನು ಕೇಳಿದರು. ಹೋಗಿ ನೋಡಿದೆ. ನಾನು ಕಾರಿನಿಂದ ಇಳಿದ ಗಳಿಗೆಯಿಂದ ಅದು ಬೇಲಿಗುಂಟ ನನ್ನ ಜೊತೆಜೊತೆಗೇ ಓಡಾಡಿತು, ಕಿವಿ ಮಡಚಿ, ಬೇಲಿಯ ಹಲಗೆಗೆ ಎದೆ ಒತ್ತಿ, ಕೀರಲು ದನಿ ತೆಗೆಯುತ್ತ. ಇಡೀ ಹೊಲದಲ್ಲಿ ಅದಕ್ಕೆ ಹುಲ್ಲು ಬೇಕಿರಲಿಲ್ಲ, ನೆರಳು ಬೇಕಿರಲಿಲ್ಲ. ಕೊನೆಗೆ ಪಶುವೈದ್ಯರು ಬಂದು ಮದ್ದು ಕೊಟ್ಟು ಶಾಶ್ವತವಾಗಿ ಮಲಗಿಸಿದರು. ಆ ಪ್ರಾಣಿಯ ತಪ್ಪೇನೂ ಇರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಆ ಸಂಸಾರದ ಮೇಲಲ್ಲ, ಎಲ್ಲ ಗೊತ್ತಿದ್ದೂ ಮರಿಯನ್ನು ಮಾರಿದವರ ಮೇಲೆ.

ತಾಯಿ ಸತ್ತರೆ, ತಾಯಿಗೆ ಹಾಲಿಲ್ಲದಿದ್ದರೆ ಬಾಟಲಿ ಅನಿವಾರ್ಯವೇ. ಬಲ್ಲವರು ಅದಕ್ಕೂ ದಾರಿ ಮಾಡಿಕೊಂಡಿದ್ದಾರೆ. ಮರಿಯನ್ನು ಹಿಂಡಿನೊಳಗೇ ಬಿಡುತ್ತಾರೆ. ಬಾಟಲಿಯನ್ನು ಬೇಲಿಗೆ ಕಟ್ಟಿ ಕುಡಿಸುತ್ತಾರೆ, ಕುಡಿದಾದ ಕೂಡಲೇ ಮಾತಿಲ್ಲದೆ ಹೊರಟುಬಿಡುತ್ತಾರೆ. ಸವರುವುದಿಲ್ಲ, ಹೆಸರಿಟ್ಟು ಕರೆಯುವುದಿಲ್ಲ. ನೋಡುವವರಿಗೆ ಕಲ್ಲುಮನಸ್ಸಿನವರು ಅನಿಸಬಹುದು. ಆ ಮರಿಗೆ ಇಪ್ಪತ್ತು ವರ್ಷದ ಬಾಳು ಸಿಗುವುದು ಈ ಬಿಗಿಯಿಂದಲೇ.

ಹಾಗಾದರೆ ಮುದ್ದುಮರಿಗಳು ಪೇಟೆಗೆ ಯಾಕೆ ಬರುತ್ತಿವೆ? ಒಂದು ಕಾಲಕ್ಕೆ ಇಲ್ಲಿ ಲಾಮಾ ಎಂದರೆ ಹಣ. ನಮ್ಮಿಂದ ಕ್ಯಾಸ್ಕೇಡ್ ಬೆಟ್ಟಸಾಲು ದಾಟಿದರೆ ಸಿಗುವ ಸಿಸ್ಟರ್ಸ್ ಎಂಬ ಊರಿನ ಪ್ಯಾಟರ್ಸನ್ ದಂಪತಿಯ ತೋಟ ದೇಶಕ್ಕೆಲ್ಲ ಹೆಸರಾಗಿತ್ತು. 1980ರ ದಶಕದಲ್ಲಿ ಒಳ್ಳೆಯ ತಳಿಯ ಪ್ರಾಣಿಗೆ ಹತ್ತಾರು ಸಾವಿರ ಡಾಲರ್ ಕೊಟ್ಟು ಹೂಡಿಕೆಯಂತೆ ಕೊಂಡರು. ಆಮೇಲೆ ಬೆಲೆ ಬಿತ್ತು. 2002ರ ಕೃಷಿ ಗಣತಿಯಲ್ಲಿ ಅಮೆರಿಕದಲ್ಲಿ ಲಕ್ಷಕ್ಕೂ ಹೆಚ್ಚು ಲಾಮಾಗಳಿದ್ದವು. 2017ರ ಹೊತ್ತಿಗೆ ಅರ್ಧದಷ್ಟೂ ಉಳಿದಿರಲಿಲ್ಲ. ದುಬಾರಿಯಾಗಿದ್ದಾಗ ಕೊಳ್ಳುವವರು ತಿಂಗಳುಗಟ್ಟಲೆ ವಿಚಾರಿಸಿ, ಕಲಿತು ಕೊಳ್ಳುತ್ತಿದ್ದರು. ಈಗ ನಾಯಿಮರಿಗಿಂತ ಅಗ್ಗಕ್ಕೆ ಸಿಗುತ್ತದೆ, ಕೆಲವೊಮ್ಮೆ ಪುಕ್ಕಟೆ. ಬೇಡವಾದ ಗಂಡುಮರಿಯನ್ನು ದಾಟಿಸಲು 'ಮುದ್ದು' ಎಂಬ ಮಾತಿಗಿಂತ ಸುಲಭದ ಉಪಾಯ ಮಾರುವವರಿಗಿಲ್ಲ.

ಹೊಸಬರು ಕೊಳ್ಳಬೇಕಾದದ್ದು ಬೀಜ ತೆಗೆಸಿದ, ನಾಲ್ಕೈದು ವರ್ಷ ದಾಟಿದ ಎರಡು ಗಂಡುಗಳನ್ನು. ಎರಡು, ಯಾಕೆಂದರೆ ಒಂಟಿ ಲಾಮಾ ಸುಖವಾಗಿರುವುದಿಲ್ಲ. ಕುರಿಹಿಂಡು ಕಾಯಲು ಬೀಜ ತೆಗೆಸಿದ ಒಂದೇ ಲಾಮಾವನ್ನು ಬಿಡುವ ಪದ್ಧತಿ ಇದೆ. 1990ರ ದಶಕದ ಆರಂಭದಲ್ಲಿ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಕುರಿ ಸಾಕುವವರನ್ನು ವಿಚಾರಿಸಿ, ಲಾಮಾ ಬಂದ ಮೇಲೆ ತೋಳದ ಜಾತಿಯ ಕೊಯೋಟಿ, ನಾಯಿಗಳ ಕಾಟ ಬಹಳ ತಗ್ಗಿದ್ದನ್ನು ದಾಖಲಿಸಿದ್ದಾರೆ. ಅಲ್ಲಿ ಅದಕ್ಕೆ ಕುರಿಗಳೇ ಹಿಂಡು. ಹಿತ್ತಲಿನಲ್ಲಿ ಒಂಟಿಯಾಗಿ ನಿಂತ ಲಾಮಾಗೆ ಅದೂ ಇಲ್ಲ.

ತಂದದ್ದಾಯಿತು. ಇನ್ನು ಪಳಗಿಸುವುದು. ಇದರಲ್ಲಿ ಅತಿ ಮುಖ್ಯವಾದದ್ದು ಹಾಲ್ಟರ್, ಅಂದರೆ ಮೂತಿಗೂ ಕಿವಿಯ ಹಿಂದಕ್ಕೂ ಹಾಕುವ ಪಟ್ಟಿ. ಅಂಗಡಿಯವರು ಅಳತೆ ನೋಡದೆ ಕೊಡುತ್ತಾರೆ, ಕೊಂಡವರು ಸಡಿಲವಾಗಿ ಹಾಕುತ್ತಾರೆ. ಬಿಗಿಯಾದರೆ ನೋವಾದೀತು ಎಂಬ ಕರುಣೆ. ಆ ಕರುಣೆ ಇಲ್ಲಿ ಅಪಾಯ. ಲಾಮಾದ ಮೂಗಿನ ಎಲುಬು ಬಹಳ ಗಿಡ್ಡ, ಕಣ್ಣಿನ ಕೆಳಗೆ ಸ್ವಲ್ಪ ದೂರಕ್ಕೇ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಇರುವುದು ಮೆತ್ತನೆಯ ಮೃದ್ವಸ್ಥಿ. ಈ ಪ್ರಾಣಿ ಉಸಿರಾಡುವುದು ಹೆಚ್ಚುಕಡಿಮೆ ಮೂಗಿನಿಂದಲೇ, ಬಾಯಿಯಿಂದ ಉಸಿರಾಡುವುದು ಅದಕ್ಕೆ ಬಲು ಕಷ್ಟ. ಕಿವಿಯ ಹಿಂದಿನ ಪಟ್ಟಿ ಸಡಿಲವಾಗಿದ್ದು, ಎಳೆದಾಗ ಮೂಗಿನ ಪಟ್ಟಿ ಮುಂದಕ್ಕೆ ಜಾರಿ ಆ ಮೆತ್ತನೆ ಜಾಗದ ಮೇಲೆ ಬಂತೆಂದರೆ ಉಸಿರು ಕಟ್ಟುತ್ತದೆ. ಪ್ರಾಣಿ ಕುಣಿಯುತ್ತದೆ, ನೆಲಕ್ಕೆ ಬೀಳುತ್ತದೆ, ತಲೆ ಒದರುತ್ತದೆ. ಹಗ್ಗ ಹಿಡಿದವರು 'ಎಷ್ಟು ಹಟ ನೋಡಿ' ಎಂದು ಇನ್ನೂ ಬಲವಾಗಿ ಎಳೆಯುತ್ತಾರೆ.

ಅದು ಹಟವಲ್ಲ, ಉಸಿರಿಗಾಗಿ ಒದ್ದಾಟ. ಮೂಗಿನ ಪಟ್ಟಿ ಕಣ್ಣಿನ ಕೆಳಗೆ, ಎಲುಬಿನ ಮೇಲೇ ಕೂರಬೇಕು. ಕಿವಿಯ ಹಿಂದಿನ ಪಟ್ಟಿ ಜಾರದಷ್ಟು ಬಿಗಿ ಇರಬೇಕು. ಮೂಗಿನ ಸುತ್ತಿನ ಪಟ್ಟಿ ಮಾತ್ರ ದವಡೆ ಆಡಿಸಿ ಮೆಲುಕು ಹಾಕುವಷ್ಟು ಅಗಲವಾಗಿರಬೇಕು. ಅಂದರೆ ಹಿಂದೆ ಬಿಗಿ, ಮುಂದೆ ಸಡಿಲ; ಹೊಸಬರು ಬಹುಪಾಲು ಇದರ ತಿರುವುಮುರುವು ಮಾಡುತ್ತಾರೆ. ಈ ವಿಷಯವನ್ನು ಅಮೆರಿಕದಲ್ಲಿ ಹಳ್ಳಿಹಳ್ಳಿಗೆ ಕಲಿಸಿದವರಲ್ಲಿ ಮಾರ್ಟಿ ಮೆಕ್‌ಗೀ ಬೆನೆಟ್ ಮುಖ್ಯರು. ಲಾಮಾದ ತಲೆಯನ್ನು ಕಂಕುಳಲ್ಲಿ ಅವುಚಿ ಹಿಡಿದು ಪಟ್ಟಿ ತುರುಕುವ ಪದ್ಧತಿಯನ್ನು ಅವರು ಬಿಡಿಸಿದರು. ಪಕ್ಕದಲ್ಲಿ ನಿಂತು, ಅದು ನೋಡುವ ಕಡೆಗೇ ನೀವೂ ಮುಖ ಮಾಡಿ, ಪಟ್ಟಿಯನ್ನು ಅದರ ಮುಂದೆ ತೆರೆದು ಹಿಡಿಯಬೇಕು. ಮೂತಿಯನ್ನು ಅದೇ ಒಳಗಿಡಬೇಕು. ತಲೆ ಆಚೆ ತಿರುಗಿಸಿದರೆ ತಿರುಗಿಸಲಿ. ಬೋರ ಕಾಲು ಗಂಟೆ ತಲೆ ಆಡಿಸಿಯಾದರೂ ಕೊನೆಗೆ ತಾನೇ ಮೂತಿ ಹಾಕುತ್ತಾನೆ. ಆ ಕಾಲು ಗಂಟೆ ನಮಗೆ ದಂಡ ಅನಿಸಿದರೆ ಲಾಮಾ ಸಾಕುವ ಯೋಚನೆಯನ್ನೇ ಬಿಡುವುದು ಒಳಿತು.

ಹಿಡಿಯುವುದರಲ್ಲೂ ಇದೇ ಕಥೆ. ಫೆಬ್ರವರಿ 26, 2015ರಂದು ಅರಿಜೋನಾದ ಸನ್ ಸಿಟಿಯಲ್ಲಿ ವೃದ್ಧರನ್ನು ನೋಡಲು ಬಂದಿದ್ದ ಎರಡು ಲಾಮಾಗಳು, ಒಂದು ಕಪ್ಪು, ಒಂದು ಬಿಳಿ, ತಪ್ಪಿಸಿಕೊಂಡು ಬೀದಿಯಲ್ಲಿ ಓಡಿದವು. ಟಿವಿಗಳು ಹೆಲಿಕಾಪ್ಟರಿನಿಂದ ನೇರಪ್ರಸಾರ ಮಾಡಿದವು, ಕೊನೆಗೆ ಹಗ್ಗದ ಕುಣಿಕೆ ಎಸೆದು ಹಿಡಿದರು. ದೇಶವೆಲ್ಲ ನಕ್ಕಿತು. ಲಾಮಾ ಸಾಕುವವರು ಅದನ್ನು ನೋಡಿದ್ದು ಬೇರೆ ರೀತಿ. ಅಟ್ಟಿಸಿಕೊಂಡು ಹೋದಷ್ಟೂ ಅವು ಓಡುತ್ತವೆ, ಬಯಲಿನಲ್ಲಿ ಬದುಕಲು ಹುಟ್ಟಿದ ಪ್ರಾಣಿಗೆ ಓಟವೇ ರಕ್ಷಣೆ. ನಮ್ಮಲ್ಲಿ ಹುಲ್ಲುಗಾವಲಿನ ಮೂಲೆಗೆ ಹತ್ತಡಿ ಉದ್ದ, ಹತ್ತಡಿ ಅಗಲದ ಚಿಕ್ಕ ದೊಡ್ಡಿ ಇದೆ. ಮೇವು ಹಾಕುವುದು ಅಲ್ಲೇ. ದಿನವೂ ತಾವಾಗಿ ಒಳಗೆ ಬರುತ್ತವೆ, ಗೇಟು ಹಾಕುತ್ತೇವೆ, ಕೆಲಸವಿಲ್ಲದ ದಿನವೂ ಹಾಕಿ ತೆಗೆಯುತ್ತೇವೆ. ಒಳಗೆ ನಾನೂ ಮೂಲೆಗೊತ್ತುವುದಿಲ್ಲ. ಭುಜದ ಹಿಂದೆ ನಿಂತರೆ ಮುಂದೆ ನಡೆಯುತ್ತದೆ, ಕಣ್ಣಿನ ಮುಂದಕ್ಕೆ ಒಂದು ಹೆಜ್ಜೆ ಇಟ್ಟರೆ ನಿಲ್ಲುತ್ತದೆ. ಇಷ್ಟು ಗೊತ್ತಿದ್ದರೆ ಕೈ ಮುಟ್ಟಿಸದೆ ಮೂರನ್ನೂ ಬೇಕಾದಲ್ಲಿಗೆ ನಡೆಸಬಹುದು.

ನಮ್ಮಪ್ಪ ಹಳ್ಳಿಕಾರ್ ಹೋರಿಗಳನ್ನು ಕಟ್ಟಿ, ತಿದ್ದಿ, ಉಳುಮೆಗೆ ಹೂಡಿದವರು. ಇಲ್ಲಿಗೆ ಬಂದಿದ್ದಾಗ ಮೊದಲು ಕೇಳಿದ್ದು ಮೂಗುದಾರ ಯಾಕಿಲ್ಲ ಎಂದು. ಲಾಮಾದ ಮೂಗಿನ ವಿಷಯ ಹೇಳಿದೆ. ಒಂದಷ್ಟು ದಿನ ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡಿದರು. ಆಮೇಲೆ ಅವರೇ ಹೇಳಿದರು: ನೀನು ಎಡಗಡೆ ನಿಂತರೆ ಬೋರ ಅಳುಕುತ್ತಾನೆ, ಬಲಗಡೆಯಿಂದ ಹೋಗು ತಾಯಿ. ನಿಜವಾಗಿತ್ತು. ಹೋರಿಯ ಪದ್ಧತಿ ಇಲ್ಲಿ ಕೆಲಸಕ್ಕೆ ಬರಲಿಲ್ಲ, ಹೋರಿ ತಿದ್ದಿದವರ ಕಣ್ಣು ಬಂತು. ಊರಿನಲ್ಲಿ ದನ ಕಂಡು ಬೆಳೆದ ನಮ್ಮವರಿಗೆ ಈ ಕಣ್ಣು ಚಿಕ್ಕಂದಿನಿಂದಲೇ ಇರುತ್ತದೆ. ಅದನ್ನು ಬಳಸದೆ ವಿಡಿಯೊ ನೋಡಿ ಕಲಿಯಲು ಹೋಗುತ್ತಾರಲ್ಲ ಎಂದು ನನಗೆ ಬೇಸರ.

ಕಾಲು ಎತ್ತಿಸುವುದು ಎಲ್ಲಕ್ಕಿಂತ ನಿಧಾನದ ಪಾಠ. ಲಾಮಾಗೆ ಗೊರಸಿಲ್ಲ, ಮೆತ್ತನೆಯ ಪಾದ, ಎರಡು ಬೆರಳು, ಅದಕ್ಕೆ ಉಗುರು. ನಮ್ಮ ವಿಲಾಮೆಟ್ ಕಣಿವೆಯ ಹಸಿ ಮಣ್ಣಿನಲ್ಲಿ ಉಗುರು ಸವೆಯದೆ ಬೆಳೆದು ವಕ್ರವಾಗುತ್ತದೆ, ವರ್ಷಕ್ಕೆ ಹಲವು ಸಲ ಕತ್ತರಿಸಲೇಬೇಕು. ಗಂಡುಗಳು ಕಾದಾಡುವಾಗ ಕಚ್ಚುವುದು ಕಾಲಿಗೆ, ಕಾಲು ಹೋದರೆ ಓಟ ಹೋಯಿತು, ಪ್ರಾಣವೂ ಹೋಯಿತು. ಹಾಗಾಗಿ ಕಾಲಿನ ಹತ್ತಿರ ಯಾವುದೇ ಕೈ ಬಂದರೂ ಅದು ದಬಕ್ಕನೆ ಕೂತು ನಾಲ್ಕೂ ಕಾಲನ್ನು ಮೈಯಡಿ ಅಡಗಿಸಿಕೊಳ್ಳುತ್ತದೆ. ಕಟ್ಟಿಹಾಕಿ ಕತ್ತರಿಸಬಹುದು, ಒಂದು ಸಲ. ಎರಡನೆಯ ಸಲ ನಿಮ್ಮನ್ನು ಕಂಡರೇ ಓಡುತ್ತದೆ.

ನಾನು ಹಿಡಿದದ್ದು ಕ್ಲಿಕರ್ ಎಂಬ ಪುಟ್ಟ ಸಾಧನದ ಟಿಕ್ ಸದ್ದಿನ ದಾರಿ. 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳನ್ನು ಪಳಗಿಸಿದ ಕರೆನ್ ಪ್ರಯರ್ ಇದನ್ನು ಮನೆಮನೆಯ ಪ್ರಾಣಿಗಳಿಗೆ ಮುಟ್ಟಿಸಿದರು. ಪ್ರಾಣಿ ಸರಿಯಾದದ್ದನ್ನು ಮಾಡಿದ ಕ್ಷಣವೇ ಟಿಕ್, ಕೂಡಲೇ ಒಂದು ಚೂರು ತಿನಿಸು. ಭುಜಕ್ಕೆ ಕೈ ಸೋಕಿದಾಗ ಅಲುಗದೆ ನಿಂತರೆ ಟಿಕ್. ಮೊಣಕಾಲಿಗೆ ಬಂದಾಗ ನಿಂತರೆ ಟಿಕ್. ಕಾಲಿನ ಭಾರ ಒಂದಿಷ್ಟು ಸಡಿಲಿಸಿದರೆ ಟಿಕ್. ಗೌರಿ ಅಳುಕಿದರೆ ಎರಡು ಮೆಟ್ಟಿಲು ಹಿಂದೆ ಹೋಗುತ್ತೇನೆ. ಕೈಯನ್ನು ಅದು ಕೊಡವುವ ಮೊದಲೇ ನಾನು ತೆಗೆಯಬೇಕು, ಇದೇ ಇದರ ಗುಟ್ಟು. ಕೊಡವಿದ ಮೇಲೆ ತೆಗೆದರೆ ಕೊಡವುವುದನ್ನೇ ಕಲಿಸಿದಂತೆ. ಮುಟ್ಟುವುದನ್ನು ಹೀಗೆ ಕೆಲಸಕ್ಕಾಗಿ, ಅದರ ಒಪ್ಪಿಗೆಯ ಮೇಲೆ, ಅಳೆದು ಕಲಿಸುವುದು ಬೇರೆ. ಮುದ್ದು ಬಂತೆಂದು ಮೈಮೇಲೆ ಬೀಳುವುದು ಬೇರೆ.

ಪಳಗಿಸುವುದು ಹವ್ಯಾಸ, ಮೇಳಗಳಲ್ಲಿ ತೋರಿಸುವ ಆಟ ಎಂದುಕೊಂಡವರು 2021ರ ಜೂನ್ ನೋಡಬೇಕಿತ್ತು. ಆ ತಿಂಗಳ 28ರಂದು ಪೋರ್ಟ್‌ಲ್ಯಾಂಡ್‌ನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 46 ಸೆಲ್ಸಿಯಸ್‌ಗೂ ಹೆಚ್ಚು ತಾಪವಿತ್ತು. ಆಂಡಿಸ್‌ನ ಚಳಿಗೆ ಹುಟ್ಟಿದ ಮೈಯಿದು. ಫ್ಯಾರನ್‌ಹೀಟ್ ತಾಪ ಮತ್ತು ಗಾಳಿಯ ತೇವದ ಶೇಕಡಾ ಅಂಕಿ ಕೂಡಿಸಿದಾಗ 180 ಮೀರಿದರೆ ಲಾಮಾಗೆ ಅಪಾಯ ಎಂಬುದು ಇಲ್ಲಿನ ಲೆಕ್ಕ. ತಂಪು ಮಾಡಲು ಬೆನ್ನಿಗೆ ನೀರು ಹೊಯ್ದರೆ ಕೆಡುಕು, ನೆನೆದ ಉಣ್ಣೆ ಬಿಸಿಯನ್ನು ಒಳಗೇ ಹಿಡಿಯುತ್ತದೆ. ನೀರು ಬೀಳಬೇಕಾದದ್ದು ಉಣ್ಣೆ ತೆಳುವಾಗಿರುವ ಹೊಟ್ಟೆಯಡಿ, ತೊಡೆಯ ಒಳಗೆ, ಕಾಲುಗಳಿಗೆ. ಹೊಟ್ಟೆಯಡಿ ಕೈ ಬರಗೊಡದ ಪ್ರಾಣಿಯನ್ನು ಆ ಬಿಸಿಲಿನಲ್ಲಿ ಅಟ್ಟಾಡಿಸಿದರೆ ಆ ಓಟವೇ ಅದನ್ನು ಕೊಲ್ಲುತ್ತದೆ. ಕರಿಯ ಪೈಪಿನ ನೀರಿಗೆ ಕಾಲಗಲಿಸಿ ನಿಂತ. ಅದಕ್ಕೆ ಹಿಂದೆ ಒಂದು ಇಡೀ ಚಳಿಗಾಲದ ಟಿಕ್ ಟಿಕ್ ಇತ್ತು.

ಅದರ ಹಿಂದಿನ ವರ್ಷ, 2020ರ ಸೆಪ್ಟೆಂಬರಿನಲ್ಲಿ, ಕಾಡ್ಗಿಚ್ಚು ನಮ್ಮ ಕ್ಲಾಕಮಸ್ ಜಿಲ್ಲೆಗೆ ಬಂತು. ಮೊಲಾಲಾ ಊರಿಗೆ ಊರೇ ಖಾಲಿ ಮಾಡಬೇಕಾಯಿತು. ಕಿತ್ತಳೆ ಬಣ್ಣದ ಹಗಲು, ಬೂದಿಯ ಮಳೆ, ರಸ್ತೆಯುದ್ದಕ್ಕೂ ಕುದುರೆ, ಮೇಕೆ ತುಂಬಿದ ಟ್ರೇಲರ್‌ಗಳು. ಸೇಲಂ ಊರಿನ ರಾಜ್ಯ ಜಾತ್ರೆ ಮೈದಾನದಲ್ಲಿ ಪ್ರಾಣಿಗಳಿಗೆ ಜಾಗ ಮಾಡಿದ್ದರು. ನಮ್ಮವು ಹತ್ತಿದವು, ಹತ್ತಿ ಕಾಲು ಮಡಚಿ ಕೂತವು. ಲಾಮಾ ಪ್ರಯಾಣ ಮಾಡುವುದೇ ಕೂತು. ಪರಿಚಯದವರೊಬ್ಬರ ಎರಡು ಲಾಮಾಗಳಿಗೆ ಹುಟ್ಟಿದಾಗಿನಿಂದ ಹಾಲ್ಟರ್ ಸೋಂಕಿರಲಿಲ್ಲ. ಹೊಗೆಯಲ್ಲಿ, ಸೈರನ್ ಸದ್ದಿನಲ್ಲಿ, ಅವು ಯಾರ ಕೈಗೂ ಸಿಗಲಿಲ್ಲ. ಗೇಟುಗಳನ್ನು ತೆರೆದಿಟ್ಟು ಬಿಟ್ಟುಬಂದರು. ಬೆಂಕಿ ಆ ಹೊಲದವರೆಗೆ ಬರಲಿಲ್ಲ, ಅವು ಬದುಕಿದವು. ಬಂದಿದ್ದರೆ ಎಂದು ಆ ಹೆಂಗಸು ಆಮೇಲೆ ಎಷ್ಟೋ ಸಲ ನನ್ನೆದುರು ಅತ್ತಿದ್ದಾರೆ.

ವೈದ್ಯರ ಮಾತೂ ಇದೆ. ನಮಗೆ ಅದೃಷ್ಟಕ್ಕೆ ಕೊರ್ವಾಲಿಸ್‌ನಲ್ಲಿ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿದೆ, ಲಾಮಾ ಮತ್ತು ಅದರ ಕುಲದ ಅಲ್ಪಾಕಾಗಳ ಬಗ್ಗೆ ಬಲ್ಲವರು ಅಲ್ಲಿದ್ದಾರೆ. ದೇಶದ ಹಲವು ಕಡೆ ಇದನ್ನು ಬಲ್ಲ ವೈದ್ಯರು ಸಿಗುವುದೇ ಕಷ್ಟ. ಎಲ್ಲಿದ್ದರೂ ಉಣ್ಣೆಯ ಕೆಳಗೆ ಕೈ ತೂರಿಸಿ ಬೆನ್ನೆಲುಬು ಮುಟ್ಟಿ ನೋಡುವ ಕೆಲಸ ಸಾಕಿದವರದೇ, ಅದಕ್ಕೂ ಪಳಗಿದ ಪ್ರಾಣಿಯೇ ಬೇಕು. ದಟ್ಟ ಉಣ್ಣೆಯಲ್ಲಿ ಪ್ರಾಣಿ ಸೊರಗಿರುವುದು ಕಣ್ಣಿಗೆ ಕಾಣುವುದಿಲ್ಲ, ಅದು ನೋವನ್ನು ತೋರಿಸಿಕೊಳ್ಳುವ ಜಾತಿಯೂ ಅಲ್ಲ.

ಆದ್ದರಿಂದ ಮಾರುವವರಿಂದ ನಾನು ಕೇಳುವುದು ಇಷ್ಟು. ಆರು ತಿಂಗಳು ತುಂಬಿ, ಹಾಲು ಬಿಡುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಗಂಡುಗಳನ್ನು ಬೀಜ ತೆಗೆಸದೆ ಹೊಸಬರ ಮನೆಗೆ ಕಳಿಸಬೇಡಿ. ಮೈ ಪೂರ್ತಿ ಬೆಳೆಯಲಿ ಎಂದು ಒಂದೂವರೆ, ಎರಡು ವರ್ಷ ಕಾಯುವುದಾದರೆ ಅಲ್ಲಿಯವರೆಗೆ ನಿಮ್ಮಲ್ಲೇ ಇರಲಿ. ಬಾಟಲಿ ಹಾಲಿನದ್ದಾದರೆ ಅದನ್ನು ಗುಣವಾಗಿ ಅಲ್ಲ, ಎಚ್ಚರಿಕೆಯಾಗಿ ಬರೆಯಿರಿ. ಹಳ್ಳಿ ಮಕ್ಕಳ 4-ಎಚ್ ಕೂಟಗಳಲ್ಲಿ ಹತ್ತು ವರ್ಷದ ಹುಡುಗಿಯರು ಲಾಮಾ ಹಿಡಿದು ಅಡೆತಡೆಗಳ ನಡುವೆ ನಡೆಸುವುದನ್ನು ನಾನು ಕಂಡಿದ್ದೇನೆ. ಅವರಿಗೆ ಕಲಿಸುವವರಿದ್ದಾರೆ. ಚೆಕ್ ಬರೆದು ಮರಿ ಒಯ್ಯುವ ದೊಡ್ಡವರಿಗೂ ಒಂದು ದಿನದ ಪಾಠ ಕಡ್ಡಾಯ ಮಾಡಿದರೆ ಮಾರುವವರ ಗಂಟೇನೂ ಹೋಗುವುದಿಲ್ಲ.

ಊರಿನಿಂದ ಕೇಳುವವರಿಗೆ ನನ್ನ ಉತ್ತರ ಒಂದೇ: ಬೇಡ. ಅರಸೀಕೆರೆಯ ಏಪ್ರಿಲ್ ಬಿಸಿಲು, ಕರಾವಳಿಯ ಸೆಕೆ ಎರಡೂ ಅದಕ್ಕೆ ಶಿಕ್ಷೆ. ಒಂದನ್ನೇ ತಂದು ರೆಸಾರ್ಟಿನ ಮುಂದೆ ಫೋಟೊಗೆ ನಿಲ್ಲಿಸುವುದಂತೂ ಆ ಪ್ರಾಣಿಗೆ ಮಾಡುವ ದ್ರೋಹ. ಸಾಕುವ ಆಸೆಯಿದ್ದರೆ ಹಳ್ಳಿಕಾರ್ ಜೋಡಿ ಕಟ್ಟಿ. ಅವನ್ನು ಬಲ್ಲ ವೈದ್ಯರು ತಾಲ್ಲೂಕಿನಲ್ಲೇ ಇದ್ದಾರೆ, ತಿದ್ದಲು ಬಲ್ಲ ಹಿರಿಯರು ಇನ್ನೂ ಬದುಕಿದ್ದಾರೆ.

ಇಲ್ಲಿರುವ ನಮ್ಮವರು ಮಾತ್ರ ಕೊಳ್ಳುವ ಮೊದಲು ಒಂದು ಶನಿವಾರ ನಮ್ಮಲ್ಲಿಗೆ ಬನ್ನಿ. ದೊಡ್ಡಿಯೊಳಗೆ ಬೋರನ ಬಲಗಡೆ ನಿಂತು ಪಟ್ಟಿ ತೆರೆದು ಹಿಡಿಯಿರಿ, ಮೈ ಮುಟ್ಟದೆ, ಕರೆಯದೆ. ಅವನು ತಲೆ ತಿರುಗಿಸಿದಾಗಲೆಲ್ಲ ಕಾಯಿರಿ. ಅಷ್ಟು ಹೊತ್ತು ನಿಂತು ನಿಮಗೆ ಇನ್ನೂ ಲಾಮಾ ಬೇಕೆನಿಸಿದರೆ, ಬೀಜ ತೆಗೆಸಿದ ಒಳ್ಳೆಯ ಜೋಡಿ ಎಲ್ಲಿದೆ ಎಂದು ನಾನೇ ವಿಚಾರಿಸಿ ಹೇಳುತ್ತೇನೆ, ತರಲು ಟ್ರೇಲರ್ ಕೂಡ ಕೊಡುತ್ತೇನೆ.